ಹನ್ನೊಂದು ಮೈಯ ಜಾಕೆಟ್

ಕೊರಳ ಪಟ್ಟಿ ತಾನಾಗಿಯೇ ಬಿಗಿಯಾದಾಗ ನೀಲಗಂಗಾ ಹೊಸಮನಿ ಬೆಚ್ಚಿಬಿದ್ದು ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಧಾರವಾಡದ ಶಾಲೆಯೊಂದರ ಆಟದ ಮೈದಾನ, ಸೆಪ್ಟೆಂಬರಿನ ಬೆಳಗು, ಗೋಲ್ ಕಂಬದ ಮೇಲೊಂದು ಕಾಗೆ, ಅಷ್ಟೇ. ಮರುಕ್ಷಣ ಹುಣಸೆಮರದ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಅದರ ಸುಳಿವು ಅವರಿಗಿಂತ ಮೊದಲು ಮೈಮೇಲಿನ ಬಟ್ಟೆಗೆ ಸಿಕ್ಕಿತ್ತು! ಎರಡು ಸುತ್ತು ಓಡಿ ಬೆನ್ನು ಬೆವರಿದ್ದೇ ತಡ, ಹಿಂಭಾಗದ ಬಟ್ಟೆ ಸಡಿಲಗೊಂಡು ಒಳಗೆ ತಂಪು ಹರಿದಾಡಿತು. ಮೂವತ್ತೊಂದು ವರ್ಷ ಹುಡುಗಿಯರಿಗೆ ಡ್ರಿಲ್ ಹೇಳಿಕೊಟ್ಟ ಶಿಕ್ಷಕಿ ಅವರು. ಈಗ ನಿವೃತ್ತಿಯಾದ ಮೇಲೆ ಬಟ್ಟೆಯೊಂದು ತಮಗೇ ಡ್ರಿಲ್ ಹೇಳಿಕೊಡುತ್ತಿದೆಯಲ್ಲ ಎಂದು ಅವರಿಗೆ ಗಲಿಬಿಲಿಯಾಯಿತು.

ಅದರ ಹೆಸರು ಮೆದುಕವಚ. ಸಾಫ್ಟ್‌ಶೆಲ್ ಜಾಕೆಟ್ ಎಂದು ಅಂಗಡಿಗಳಲ್ಲಿ ಬಹುಕಾಲದಿಂದ ಸಿಗುತ್ತಿದ್ದ ಉಡುಪಿಗೆ ಡಾ. ಸುಮುಖ ಪಾಂಗಾಳ ಎಂಬ ತರುಣ ವಿಜ್ಞಾನಿ ಬುದ್ಧಿ ಕೊಟ್ಟಿದ್ದ. ಅದರ ನೇಯ್ಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಲಕ್ಷಾಂತರ ಬೆವರುಕಿಂಡಿಗಳಿದ್ದವು. ಮೈ ಬಿಸಿಯಾದರೆ ತೆರೆಯುತ್ತಿದ್ದವು, ಗಾಳಿ ಬಂದರೆ ಮುಚ್ಚುತ್ತಿದ್ದವು. ಕೊರಳಲ್ಲಿದ್ದ ಅವರೆಕಾಳಿನ ಗಾತ್ರದ ಮಣಿಯೊಂದು ತೊಟ್ಟವರ ಉಸಿರು, ನಾಡಿ, ಚರ್ಮದ ಶಾಖಗಳನ್ನು ಇಪ್ಪತ್ತೊಂದು ದಿನ ಗಮನಿಸಿ, ಆ ದೇಹದ ಪಾಠ ಕಲಿಯುತ್ತಿತ್ತು. ಇದಕ್ಕೆ ಅವನು ಒಡನಾಟದ ಕಾಲ ಎಂದು ಹೆಸರಿಟ್ಟಿದ್ದ. ಒಡನಾಟ ಸರಿಯಾಗಿದ್ದರೆ ಮಣಿಯ ಬಣ್ಣ ಹಸಿರು, ಗೊಂದಲವಾದರೆ ಹಳದಿ, ತೊಟ್ಟವರ ಜೀವಕ್ಕೆ ಅಪಾಯವಿದ್ದರೆ ಕೆಂಪು.

ಪರೀಕ್ಷೆಗೆಂದು ಅವನು ಆರು ಜನ ಸಾಮಾನ್ಯರನ್ನು ಆರಿಸಿದ್ದ. ಎಂಟು ತಿಂಗಳು ತೊಟ್ಟು ಅಭ್ಯಾಸ ಮಾಡಿ, ಮೇ ತಿಂಗಳಲ್ಲಿ ಅವನ ಜೊತೆ ಹಿಮಾಲಯದ ಕಣಿವೆಯೊಂದರಗುಂಟ ಹತ್ತಿ, ತುದಿಯಲ್ಲಿ ಎರಡು ಶಿಖರಗಳ ನಡುವೆ ಆಚೆಗೆ ದಾರಿ ಬಿಡುವ ಹಿಮದ ಕಂಡಿಯನ್ನು ದಾಟಬೇಕು. ನೀಲಗಂಗಾ ಆ ಆರರಲ್ಲಿ ಒಬ್ಬರು.

ಅವರಿಗೆ ಆಗ ಐವತ್ತೊಂಬತ್ತು. ಅರವತ್ತು ತುಂಬಿದವರಿಗೆ ಆ ಕಂಡಿಗೆ ಪರವಾನಗಿ ಇರಲಿಲ್ಲ. ಜೂನ್ ಬಂದರೆ ಅರವತ್ತು. ಬೆಟ್ಟ ಹತ್ತುವ ಆಸೆಯೇನು ಇವತ್ತಿನದಲ್ಲ. ಸೇವೆಯಲ್ಲಿದ್ದಾಗ ಪ್ರತಿವರ್ಷ ಹುಡುಗಿಯರನ್ನು ಚಾರಣಕ್ಕೆ ಕರೆದೊಯ್ಯುತ್ತಿದ್ದರು. ಪ್ರತಿವರ್ಷವೂ ಅರ್ಧ ದಾರಿಯಲ್ಲಿ ಯಾವಳಾದರೊಬ್ಬಳ ಕಾಲು ಉಳುಕುತ್ತಿತ್ತು, ಇಲ್ಲವೇ ಹೊಟ್ಟೆ ಕೆಡುತ್ತಿತ್ತು. ಅವಳ ಜೊತೆ ಕೆಳಗೆ ಉಳಿಯುವ ಪಾಳಿ ಯಾವಾಗಲೂ ಡ್ರಿಲ್ ಟೀಚರದೇ. ಉಳಿದವರು ತುದಿ ಮುಟ್ಟಿ ಬಂದು ಮೇಲಿನ ಚಂದ ವರ್ಣಿಸುವಾಗ ಇವರು ನಗುನಗುತ್ತಾ ಕೇಳುತ್ತಿದ್ದರು. ಒಳಗೊಳಗೇ ಹೊಟ್ಟೆ ಉರಿಯುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ. ಒಂದು ಸಲ, ಒಂದೇ ಸಲ, ತುದಿಯಲ್ಲಿ ನಿಂತು ಆಚೆ ಕಡೆ ಏನಿದೆ ಎಂದು ತಾವೇ ನೋಡಬೇಕು. ಇದು ಕೊನೆಯ ಅವಕಾಶ.

ಜಾಕೆಟ್ ಆರಿಸುವ ದಿನ ಮೇಜಿನ ಮೇಲೆ ಹತ್ತಾರು ಅಳತೆಗಳನ್ನು ಹರಡಿದ್ದರು. ನೀಲಗಂಗಾ ತಮ್ಮ ಮೈಗಿಂತ ಒಂದು ಅಳತೆ ದೊಡ್ಡದನ್ನೇ ಎತ್ತಿಕೊಂಡರು.

"ಟೀಚರೇ, ಅದು ನಿಮಗೆ ದೊಡ್ಡದಾಯಿತು ಮಾರಾಯ್ರೆ," ಎಂದ ಸುಮುಖ. "ಒಳಗೆ ಒಂದು ತೆಳ್ಳಗಿನ ಸ್ವೆಟರ್ ಹಿಡಿಯುವಷ್ಟು ಜಾಗ ಇದ್ದರೆ ಸಾಕು. ಕೈ ಎತ್ತಿ ನೋಡಿ, ಸೊಂಟ ಕಾಣಬಾರದು. ಬಗ್ಗಿ ನೋಡಿ, ಬೆನ್ನು ಹಿಡಿಯಬಾರದು. ಜಾಸ್ತಿ ಜೋಲಾಡಿದರೆ ಗಾಳಿ ಒಳಗೆ ಸುತ್ತುತ್ತದೆ."

"ಇರ್ಲಿ ಬಿಡ್ರಿ, ದೊಡ್ಡದ ಛಲೋ. ಎಲ್ಲಾರಿಗೂ ಆಗ್ತೈತಿ."

ಎಲ್ಲರಿಗೂ ಎಂದರೆ ಯಾರಿಗೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. "ಇನ್ನೊಂದು ಮಾತು," ಎಂದ. "ಇದು ಮಳೆಕೋಟಲ್ಲ. ಸಣ್ಣ ತುಂತುರು ತಡೆಯುತ್ತದೆ. ಜೋರು ಮಳೆ ಬಂದರೆ ಮೇಲೊಂದು ಮಳೆಕೋಟು ಬೇಕೇ ಬೇಕು." ಅವನು ಕೊಟ್ಟ ಕೈಪಿಡಿಯನ್ನು ನೀಲಗಂಗಾ ಮೊದಲಿನಿಂದ ಕೊನೆಯತನಕ ಓದಿದರು. ನಾಲ್ಕನೆಯ ಪುಟದಲ್ಲಿ, ಜಾಕೆಟನ್ನು ಇನ್ನೊಬ್ಬರಿಗೆ ತೊಡಲು ಕೊಡಬಾರದು ಎಂದು ದಪ್ಪ ಅಕ್ಷರದಲ್ಲಿತ್ತು. ಅದನ್ನೂ ಓದಿದರು.

ಆದರೆ ಓಣಿಯಲ್ಲಿ ಒಂದು ಒಳ್ಳೆಯ ಜಾಕೆಟ್ ಇದೆ ಎಂದರೆ ಅದು ಓಣಿಯದೇ. ಇಡ್ಲಿ ಪಾತ್ರೆ, ಏಣಿ, ದೊಡ್ಡ ಸೂಟ್‌ಕೇಸುಗಳ ಹಾಗೆ ಅದಕ್ಕೂ ಸರದಿ ಹಚ್ಚಿಬಿಟ್ಟರು. ನಾದಿನಿ ಕಮಲಾಕ್ಷಿ ಕೇದಾರಕ್ಕೆ ಹೊರಟಾಗ ಬಂದು ಕೇಳಿದಳು. ಇಲ್ಲ ಎನ್ನಲು ನೀಲಗಂಗಾರಿಗೆ ಬಾಯಿ ಬರಲಿಲ್ಲ. ದಿಲ್ಲಿಗೆ ಲಾರಿ ಒಯ್ಯುವ ಮೆಹಬೂಬ ಹದಿನೈದು ದಿನ ತೊಟ್ಟ. ಪಕ್ಕದ ಮನೆಯ ಸಾವಂತ್ರವ್ವ ಮಲೇರಿಯಾದ ಚಳಿಯಲ್ಲಿ ಗಡಗಡ ನಡುಗುತ್ತಿದ್ದಾಗ ಇವರೇ ಹೋಗಿ ಹೊದಿಸಿ ಬಂದರು. ಬಾಣಂತಿಯೊಬ್ಬಳು, ಉಬ್ಬಸದ ಅಂಚೆ ಮಾಸ್ತರರು, ಹಾಕಿ ತಂಡದ ಇಬ್ಬರು ಹುಡುಗಿಯರು, ಹೀಗೆ ಜಾಕೆಟ್ ಮನೆಯಿಂದ ಮನೆಗೆ ಓಡಾಡಿತು. ಪ್ರತಿ ಸಲ ಮರಳಿ ಬಂದಾಗಲೂ ಕೈಪಿಡಿ ಹೇಳಿದಂತೆ ತಣ್ಣೀರಿನಲ್ಲಿ ಒಗೆದು, ನೆರಳಲ್ಲಿ ಒಣಗಿಸಿ, ಏನೂ ಆಗಿಲ್ಲ ಎಂಬಂತೆ ಅವರು ತೊಟ್ಟುಕೊಳ್ಳುತ್ತಿದ್ದರು. ಏನೂ ಆಗಿಲ್ಲ ಎಂದು ಮಣಿ ಮಾತ್ರ ಒಪ್ಪಲಿಲ್ಲ. ಫೆಬ್ರವರಿ ಹೊತ್ತಿಗೆ ಅದು ಹಳದಿಗೆ ತಿರುಗಿ ಅಲ್ಲೇ ನಿಂತಿತು.

ಮೇ ತಿಂಗಳು. ಹಿಮಾಲಯದ ಬುಡದ ಶಿಬಿರದಲ್ಲಿ ಸುಮುಖ ಒಬ್ಬೊಬ್ಬರ ಮಣಿಯನ್ನೂ ತನ್ನ ಸಣ್ಣ ಓದುಯಂತ್ರಕ್ಕೆ ತಾಗಿಸುತ್ತಾ ಬಂದ. ಐದೂ ಹಸಿರು. ನೀಲಗಂಗಾರ ಸರದಿ ಬಂದಾಗ ಯಂತ್ರ ಬಹಳ ಹೊತ್ತು ಯೋಚಿಸಿತು. ಅವನು ಕಣ್ಣುಜ್ಜಿಕೊಂಡು ಮತ್ತೆ ತಾಗಿಸಿದ. ಮತ್ತೂ ಅದೇ.

"ಇದೆಂಥದು? ಇದರೊಳಗೆ ಹನ್ನೊಂದು ಜನ ಇದ್ದಾರೆ!"

ನೀಲಗಂಗಾ ಹೋಂವರ್ಕ್ ತಾರದ ಹುಡುಗಿಯಂತೆ ನೆಲ ನೋಡಿದರು. "ಕೇಳಿದ್ರು, ಕೊಟ್ಟೆ. ಚಳಿ ಅಂತ ಬಂದವರಿಗೆ ಪುಸ್ತಕದ ನಾಕನೇ ಪಾನ ತೋರಸೂಣೇನ್ರಿ?"

"ಟೀಚರೇ, ನಿಮಗೆ ತಿಳಿಯುವುದಿಲ್ಲ. ಇದು ಒಂದು ದೇಹವನ್ನು ಕಲಿಯಬೇಕಾದ ಬಟ್ಟೆ. ಈಗ ಇದಕ್ಕೆ ತಾನು ಯಾರ ಮೈಮೇಲಿದ್ದೇನೆ ಅಂತಲೇ ಗೊತ್ತಿಲ್ಲ. ತೆರೆಯುವಲ್ಲಿ ಮುಚ್ಚುತ್ತದೆ, ಮುಚ್ಚುವಲ್ಲಿ ತೆರೆಯುತ್ತದೆ. ಇದನ್ನು ಹಾಕಿಕೊಂಡು ನೀವು ಮೇಲೆ ಬರುವುದು ಬೇಡ."

ನೀಲಗಂಗಾರಿಗೆ ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟಂತಾಯಿತು. ಕೊಟ್ಟದ್ದು ತಪ್ಪೇ? ತಪ್ಪೇ ಇರಬಹುದು, ಪುಸ್ತಕದಲ್ಲೇ ಬರೆದಿದೆ. ಆದರೆ ಸಾವಂತ್ರವ್ವ ನಡುಗುವುದನ್ನು ನೋಡುತ್ತಾ ಕೂರುವುದು ಸರಿಯಾಗುತ್ತಿತ್ತೇ? ಯೋಚಿಸಿದಷ್ಟೂ ತಲೆ ಗೋಜಲಾಯಿತು. ಕೊನೆಗೆ ಅವರು ಯೋಚನೆ ಬಿಟ್ಟು ಬೇಡಿಕೊಂಡರು.

"ಒಳಗ ಉಣ್ಣಿ ಸ್ವೆಟರ್ ಹಾಕೋತೀನಿ, ಚೀಲದಾಗ ಮಳಿಕೋಟು ಐತಿ. ನಂಗ ಜೂನಿಗೆ ಅರವತ್ತು ತುಂಬ್ತಾವು ತಮ್ಮಾ. ಕೆಳಗ ಕುಂತು ಕುಂತು ಸಾಕಾಗೇತಿ."

ತಮ್ಮಾ ಎಂದದ್ದಕ್ಕೆ ಸುಮುಖ ಮೆತ್ತಗಾದ. ಐವರನ್ನು ಒಬ್ಬ ಮಾರ್ಗದರ್ಶಿಯ ಜೊತೆ ಮುಂದೆ ಕಳಿಸಿದ. ತಾನು ದೋರ್ಜೆ ಎಂಬ ಇನ್ನೊಬ್ಬ ಮಾರ್ಗದರ್ಶಿಯೊಂದಿಗೆ ನೀಲಗಂಗಾರ ಪಕ್ಕದಲ್ಲೇ ನಡೆಯುವುದೆಂದು ಒಪ್ಪಂದವಾಯಿತು.

ಹತ್ತುವಾಗ ಜಾಕೆಟಿನ ಅವತಾರ ನೋಡಬೇಕಿತ್ತು. ಎಡತೋಳು ತೆರೆದರೆ ಬಲತೋಳು ಮುಚ್ಚುತ್ತಿತ್ತು. ಬಿಸಿಲು ಬಂದಾಗ ಕೊರಳು ಬಿಗಿಯುತ್ತಿತ್ತು, ನೆರಳಿಗೆ ಹೋದಾಗ ಬೆನ್ನು ಬಿಚ್ಚಿಕೊಳ್ಳುತ್ತಿತ್ತು. ನೀಲಗಂಗಾ ಜಿಪ್ಪನ್ನು ಕೈಯಿಂದಲೇ ಮೇಲೆ ಕೆಳಗೆ ಎಳೆಯುತ್ತಾ, ಹಳೆಯ ಕಾಲದ ಅಂಗಿ ತೊಟ್ಟವರಂತೆ ಹೆಜ್ಜೆ ಹಾಕಿದರು. ಪಕ್ಕದಲ್ಲಿ ಸುಮುಖನ ಜಾಕೆಟ್ ತಾಳಕ್ಕೆ ತಕ್ಕ ಮೇಳ. ಮೂರು ವರ್ಷ ಅವನೊಬ್ಬನ ಮೈಯನ್ನೇ ಕಲಿತ ಬಟ್ಟೆ ಅದು. ಅದರ ಮೇಲೆ ಅವನಿಗೆ ಎಷ್ಟು ನಂಬಿಕೆಯೆಂದರೆ, ಎಲ್ಲರಿಗೂ ಮಳೆಕೋಟಿನ ಉಪದೇಶ ಮಾಡಿದ ಮಹಾಶಯ ತನ್ನದನ್ನು ಭಾರವೆಂದು ಶಿಬಿರದಲ್ಲೇ ಬಿಟ್ಟು ಬಂದಿದ್ದ.

ಹನ್ನೊಂದು ಗಂಟೆಗೆ ಮೋಡ ಕವಿಯಿತು. ಮಳೆಯೂ ಅಲ್ಲದ ಹಿಮವೂ ಅಲ್ಲದ ಒದ್ದೆ ಮುದ್ದೆ ಮುಖಕ್ಕೆ ರಾಚತೊಡಗಿತು. ನೀಲಗಂಗಾ ಮಳೆಕೋಟು ಹಾಕಿಕೊಂಡರು. ಸುಮುಖನ ಜಾಕೆಟ್ ಅರ್ಧ ಗಂಟೆ ತಡೆಯಿತು, ಆಮೇಲೆ ಹೆಗಲಿನಿಂದ ನೆನೆಯತೊಡಗಿತು. ಅವನು ನಡುಗುತ್ತಾ ನಡೆದ. "ಏನಿಲ್ಲ, ಕಂಡಿ ಇಲ್ಲೇ ಉಂಟು," ಎಂದ. ನಿಜ, ಕಂಡಿ ಕಾಣುತ್ತಿತ್ತು. ಎರಡು ಬಂಡೆಗಳ ನಡುವೆ ಬಿಳಿಯ ಹಾಸು, ಅದರ ಮೇಲೆ ಬಣ್ಣದ ಬಾವುಟಗಳ ಸಾಲು. ಐವರು ಆಗಲೇ ದಾಟಿ ಆಚೆ ಇಳಿದಿದ್ದರು. ಇನ್ನು ಮುನ್ನೂರು ಹೆಜ್ಜೆ ಇದ್ದೀತು. ನೀಲಗಂಗಾ ಹುಡುಗಿಯಂತೆ ಹೆಜ್ಜೆ ಎಣಿಸತೊಡಗಿದರು.

ಆಗ ಸುಮುಖನ ನಡುಕ ನಿಂತಿತು. ಅವನ ಕೆನ್ನೆ ಕೆಂಪಗಾಗಿತ್ತು, ಮುಖದಲ್ಲಿ ಏನೋ ಒಂದು ನಗು.

"ಸೆಖೆ ಆಗ್ತಾ ಉಂಟಲ್ಲ ಟೀಚರೇ," ಎಂದ. ಅವನ ಜಾಕೆಟ್ ಅದನ್ನು ಒಪ್ಪಿ ಬೆವರುಕಿಂಡಿಗಳನ್ನೆಲ್ಲ ತೆರೆದಿತ್ತು. ಮಣಿ ಹಚ್ಚಹಸಿರು.

ನೀಲಗಂಗಾ ದೋರ್ಜೆಯ ಮುಖ ನೋಡಿದರು. ದೋರ್ಜೆ ಹಸಿರು ಮಣಿ ನೋಡಿ ಹೆಗಲು ಹಾರಿಸಿದ. ಮಣಿ ನಂಬಬೇಕೆಂದು ಅವನಿಗೆ ಹೇಳಿಕೊಟ್ಟವನೇ ಸುಮುಖ. ಸೆಖೆ ಎನ್ನುತ್ತಿರುವವನು ವಿಜ್ಞಾನಿ, ಹೌದೆನ್ನುತ್ತಿರುವುದು ಅವನ ಯಂತ್ರ. ಅಲ್ಲ ಎನ್ನಲು ತಾವು ಯಾರು? ಆದರೆ ಅವನು ಜಿಪ್ ಬಿಚ್ಚಲು ಹೋಗಿ ಬೆರಳಿಗೆ ಹಿಡಿತ ಸಿಗದೆ ತಡಕಾಡುತ್ತಿದ್ದ. "ಬಸ್ಸು ಎಷ್ಟು ಗಂಟೆಗೆ ಟೀಚರೇ?" ಎಂದು ಕೇಳಿದ. ಉತ್ತರ ಬರುವ ಮೊದಲೇ ಇನ್ನೊಮ್ಮೆ ಅದನ್ನೇ ಕೇಳಿದ.

ಮೂವತ್ತೊಂದು ವರ್ಷ ಬಿಸಿಲಿನಲ್ಲಿ ಸಾಲು ನಿಂತ ಹುಡುಗಿಯರ ಮುಖ ನೋಡಿಯೇ ಯಾರು ಬೀಳುತ್ತಾರೆ ಎಂದು ಹೇಳುತ್ತಿದ್ದ ಕಣ್ಣು ಅದು. ಹಸಿರು ಮಣಿಗೆ ಮೋಸ ಹೋಗಲಿಲ್ಲ. ನೀಲಗಂಗಾ ಬಂಡೆಯ ಮರೆಗೆ ಅವನನ್ನು ಎಳೆದು ಕೂರಿಸಿ ಗದರಿದರು. "ಸುಮ್ಮ ಕುಂದರು! ಕೈ ಎತ್ತು!" ಒದ್ದೆ ಜಾಕೆಟ್ ಕಿತ್ತು, ಮಳೆಕೋಟಿನೊಳಗೆ ಬೆಚ್ಚಗಿದ್ದ ತಮ್ಮ ಜಾಕೆಟ್ ತೆಗೆದು ಅವನಿಗೆ ತೊಡಿಸಿದರು. ಒಂದಳತೆ ದೊಡ್ಡದಿದ್ದುದರಿಂದ ಸರಿಯಾಗಿಯೇ ಕೂತಿತು. ಮೇಲೆ ಮಳೆಕೋಟನ್ನೂ ಹೊದಿಸಿ, ತಾವು ಬರೀ ಉಣ್ಣೆ ಸ್ವೆಟರಿನಲ್ಲಿ ನಿಂತರು.

ಬೆಳಗಿನಿಂದ ಬುದ್ಧಿಗೆಟ್ಟವರಂತೆ ಆಡುತ್ತಿದ್ದ ಜಾಕೆಟ್ ಅವನ ಮೈಮೇಲೆ ಗಳಿಗೆ ಹೊತ್ತು ತಬ್ಬಿಬ್ಬಾಯಿತು. ಆಮೇಲೆ ಒಂದೊಂದಾಗಿ ಅಲ್ಲ, ಎಲ್ಲ ಕಿಂಡಿಗಳನ್ನೂ ಒಟ್ಟಿಗೇ ಮುಚ್ಚಿಕೊಂಡು ಅವನನ್ನು ಅವುಚಿಕೊಂಡಿತು. ಮಣಿ ಕೆಂಪಾಯಿತು. ಕೆಂಪು ಕಂಡದ್ದೇ ದೋರ್ಜೆ ಸುಮುಖನ ಕಂಕುಳಿಗೆ ಹೆಗಲು ಕೊಟ್ಟ. ಇನ್ನೊಂದು ಹೆಗಲು ನೀಲಗಂಗಾರದು. ಇಳಿಯುವ ಮೊದಲು ಅವರು ಒಮ್ಮೆ ಮೇಲೆ ನೋಡಿದರು. ಬಾವುಟಗಳು ಹಾರುತ್ತಿದ್ದವು. ಅಳು ಬಂತು, ಅತ್ತರು. ಅಳುತ್ತಲೇ ಇಳಿದರು.

ಸಂಜೆಯ ಹೊತ್ತಿಗೆ ಡೇರೆಯಲ್ಲಿ ಮೂರು ಕಂಬಳಿ, ಬಿಸಿ ಬೆಲ್ಲದ ನೀರಿನ ನಂತರ ಸುಮುಖನಿಗೆ ಪೂರ್ತಿ ಎಚ್ಚರ ಬಂತು. ಮಾಡಿದ ಮೊದಲ ಕೆಲಸವೇ ಎರಡೂ ಮಣಿಗಳನ್ನು ಓದುಯಂತ್ರಕ್ಕೆ ತಾಗಿಸಿದ್ದು. ಎರಡರ ಅಂಕಿಗಳನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದ.

"ಏನಾತ್ರಿ?" ಎಂದರು ನೀಲಗಂಗಾ.

"ಚಳಿ ಮಿತಿಮೀರಿದಾಗ ದೇಹ ಒಮ್ಮೊಮ್ಮೆ ಸೋತು ಚರ್ಮಕ್ಕೆ ರಕ್ತ ಬಿಟ್ಟುಬಿಡುತ್ತದೆ. ಮೈ ಬಿಸಿಯಾದ ಹಾಗೆ ಅನಿಸುತ್ತದೆ, ಒಳಗೆ ಹೆಪ್ಪುಗಟ್ಟುತ್ತಿರುತ್ತದೆ. ನನ್ನ ಜಾಕೆಟಿಗೆ ನನ್ನ ಮೈ ಬಿಸಿ ಅಂದರೆ ಒಂದೇ ಅರ್ಥ ಗೊತ್ತು, ನಾನು ಓಡುತ್ತಿದ್ದೇನೆ ಅಂತ. ನನಗೆ ಮೂರು ವರ್ಷದಲ್ಲಿ ಒಂದು ಜ್ವರವೂ ಬಂದಿಲ್ಲ ನೋಡಿ. ಅದಕ್ಕೆ ತೆರೆಯಿತು. ನಿಮ್ಮದು ಯಾಕೆ ತೆರೆಯಲಿಲ್ಲ? ಇಲ್ಲಿ ನೋಡಿ, ಎರಡನೆಯ ವ್ಯಕ್ತಿ. ಚಳಿಯಲ್ಲೂ ಇದ್ದಕ್ಕಿದ್ದಂತೆ ಚರ್ಮ ಬಿಸಿಯಾಗುತ್ತದೆ, ಐದು ನಿಮಿಷದಲ್ಲಿ ತಣ್ಣಗಾಗಿ ನಡುಕ. ದಿನಕ್ಕೆ ಹತ್ತು ಸಲ. ಇದು ಯಾರು?"

"ನಮ್ಮ ಕಮಲಾಕ್ಷಿ," ಎಂದರು ನೀಲಗಂಗಾ. "ಮುಟ್ಟು ನಿಲ್ಲೂ ವಯಸ್ಸು. ಝಳಾ ಅಂತ ಬಿಸಿ ಬರತೈತಿ, ಹೋಗತೈತಿ. ಕೇದಾರದಾಗ ಭಾಳ ತ್ರಾಸ ಆತಂತ."

"ನಾಲ್ಕನೆಯದು? ಮೈಯೆಲ್ಲ ಜ್ವರದ ಬಿಸಿ, ಆದರೂ ನಡುಕ."

"ಮೈ ಸುಡತಿತ್ತು, ಹಲ್ಲು ಕಟಕಟ ಅಂತಿದ್ವು. ಸಾವಂತ್ರವ್ವನ ಮಲೇರಿಯಾ ಇರಬೇಕ್ರಿ."

ಸುಮುಖ ಓದುಯಂತ್ರ ಕೆಳಗಿಟ್ಟ. ಅವನ ಪ್ರಯೋಗಶಾಲೆಯಲ್ಲಿ ಆ ಬಟ್ಟೆ ತೊಟ್ಟವರೆಲ್ಲ ಮೂವತ್ತರ ಒಳಗಿನ ಗಟ್ಟಿಮುಟ್ಟಾದ ಹುಡುಗರು. ಬಿಸಿಯನ್ನು ಕೂಡಲೇ ನಂಬಬಾರದು, ಸ್ವಲ್ಪ ತಡೆದು ನೋಡಬೇಕು ಎಂಬ ಪಾಠವನ್ನು ಆ ಜಾಕೆಟಿಗೆ ಹೇಳಿಕೊಟ್ಟದ್ದು ಧಾರವಾಡದ ಇಬ್ಬರು ಹೆಂಗಸರು. ಗೊಂದಲ ಎಂದು ತಾನು ಬರೆದುಕೊಂಡದ್ದು ಬಟ್ಟೆಯ ಅನುಭವವಾಗಿತ್ತು. ಅವನಿಗೆ ನಾಚಿಕೆಯಾಯಿತು, ಅದನ್ನು ಹೇಳಿಯೂ ಬಿಟ್ಟ. "ನನ್ನಿಂದಾಗಿ ನಿಮ್ಮ ಕಂಡಿ ತಪ್ಪಿತು, ಟೀಚರೇ."

"ಪ್ರತಿ ಸಲ ಯಾರದರೆ ಕಾಲು ಉಳುಕತಿತ್ತು. ಈ ಸಲ ನಿಮ್ಮದು," ಎಂದು ನೀಲಗಂಗಾ ನಗಲು ನೋಡಿದರು. ನಗು ಪೂರ್ತಿ ಬರಲಿಲ್ಲ.

ಜೂನ್ ಬಂತು, ಅರವತ್ತು ತುಂಬಿತು. ಕೈಪಿಡಿಯ ನಾಲ್ಕನೆಯ ಪುಟ ಬದಲಾಯಿತು: ಹೊಸ ಜಾಕೆಟನ್ನು ಮೊದಲ ವರ್ಷ ಬೇರೆ ಬೇರೆ ವಯಸ್ಸಿನ ಹತ್ತು ಜನರಿಗಾದರೂ ತೊಡಲು ಕೊಡಿ ಎಂದು ಈಗ ದಪ್ಪ ಅಕ್ಷರದಲ್ಲಿತ್ತು. ನೀಲಗಂಗಾರ ಜಾಕೆಟನ್ನು ಮಾತ್ರ ಸುಮುಖ ತಾನೇ ಬಂದು, ಓಣಿಯ ಸರದಿಯಲ್ಲಿ ನಿಂತು, ಕೇಳಿ ಪಡೆದ.

ಮರುವರ್ಷ ಮೇ ತಿಂಗಳ ಕೊನೆಯಲ್ಲಿ, ಧಾರವಾಡದ ಬಿಸಿಲು ಹಂಚು ಸಿಡಿಯುವಂತಿದ್ದಾಗ, ಅವನು ಅದನ್ನು ಮರಳಿಸಲು ಬಂದ. ಅದನ್ನು ತೊಟ್ಟು ಕಂಡಿ ದಾಟಿದ್ದ. ನೆಟ್ಟಗೆ ಅಲ್ಲಿಂದಲೇ ಬರುತ್ತಿದ್ದ. ನೀಲಗಂಗಾ ಅಳತೆ ನೋಡುವವರಂತೆ ಅಂಗಳದಲ್ಲಿ ನಿಂತು ಜಾಕೆಟ್ ತೊಟ್ಟರು. ಮರುಗಳಿಗೆ ಕೊರಳು ಬಿಗಿಯಾಯಿತು. ತೋಳು, ಬೆನ್ನು, ಎದೆ, ಎಲ್ಲ ಕಿಂಡಿಗಳೂ ಒಂದೊಂದಾಗಿ ಮುಚ್ಚಿಕೊಂಡವು. ಎಡಗಡೆಯಿಂದ ಜೋರು ಗಾಳಿ ಬಂದಾಗ ಮಾಡುವಂತೆ ಎಡಹೆಗಲಿನ ಬಟ್ಟೆ ಗಟ್ಟಿಯಾಗಿ ಒತ್ತಿತು. ಅಂಗಳದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಸುಮುಖ ಗಾಬರಿಯಾದ. "ಅಯ್ಯೋ, ಇದು ಇನ್ನೂ ಕಂಡಿಯಲ್ಲೇ ಉಂಟು! ಅಲ್ಲಿ ಎಡಗಡೆಯಿಂದ ಗಾಳಿ ಅಷ್ಟು ಜೋರು. ಎರಡು ನಿಮಿಷ, ಸರಿ ಮಾಡಿ ಕೊಡುತ್ತೇನೆ. ಬಿಚ್ಚಿ ಟೀಚರೇ, ಬೆವರುತ್ತಿದ್ದೀರಿ."

"ಬ್ಯಾಡ," ಎಂದರು ನೀಲಗಂಗಾ. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅವರು ಕಣ್ಣು ಮುಚ್ಚಿ, ಎಡಕ್ಕೆ ಸ್ವಲ್ಪ ವಾಲಿ, ಕಾಲೂರಿ ನಿಂತರು. "ಆಚೀ ಕಡೆ ಏನ್ ಕಾಣತೈತಿ, ಅದನ್ನ ಹೇಳ್ರಿ."