ತಡೆಹಿಡಿದ ಹತ್ತೊಂಬತ್ತು ಮೇಲ್‌ಗಳು

ಬೆಳಗಿನಿಂದ ಶಿವಾನಿ ಅದೆಷ್ಟು ಸಲ ಇಂಟರ್ನೆಟ್ ಕನೆಕ್ಟ್ ಮಾಡಿದಳೋ! ಮೋಡೆಮ್ ಕಿರುಗುಟ್ಟುತ್ತದೆ, ಪುಟ ತೆರೆಯುತ್ತದೆ, ಮತ್ತೆ ಅದೇ ಮೇಲ್.

"ಎರಡು ತಿಂಗಳಿಂದ ಬರೀತಿದ್ದೀನಿ. ಒಬ್ಬರೂ ಉತ್ತರ ಕೊಡಲಿಲ್ಲ. ಇವತ್ತು ಮೀಟಿಂಗ್‌ನಲ್ಲಿ ಹೇಳಿ ಗ್ರೂಪ್ ಬಿಡ್ತೀನಿ. ಇಂತಿ ವಿಶ್ವನಾಥ್, ಮೂರನೇ ಕ್ರಾಸ್."

ಬಿಟ್ಟರೆ ಬಿಡಲಿ ಎನ್ನಬಹುದು. ಮನಸ್ಸು ಕೇಳಬೇಕಲ್ಲ!

ಅದು ೨೦೦೫. ದಟ್ಟಗಳ್ಳಿಯ ಆ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನೀರು, ಬೀದಿದೀಪ, ಕಸ ಇಷ್ಟನ್ನೇ ಮಾತಾಡಲೆಂದು ನಿವಾಸಿಗಳ ಸಂಘ, ಒಬ್ಬರು ಬರೆದ ಮೇಲ್ ಎಲ್ಲರಿಗೂ ಹೋಗುವಂಥ ಒಂದು ಈ-ಗ್ರೂಪ್ ಮಾಡಿತ್ತು. ಕಂಪ್ಯೂಟರ್ ಕ್ಲಾಸ್ ತೆಗೆದುಕೊಳ್ಳುವವಳೆಂದು ಅದರ ಮಾಡರೇಟರ್ ಕೆಲಸವನ್ನು ಶಿವಾನಿಯ ತಲೆಗೆ ಕಟ್ಟಿದ್ದರು.

ವಿಶ್ವನಾಥ್ ಪಿಯು ಕಾಲೇಜಿನ ಲೆಕ್ಚರರ್. ಮೇಲ್‌ನ ವಿಷಯ ತಪ್ಪದೆ "ನೀರು". ಮೊದಲ ಸಾಲೂ ನೀರೇ: "ಇವತ್ತು ಆರೂವರೆಗೆ ನಲ್ಲಿ ಬಂತು." ಆಮೇಲೆ ಡ್ರಮ್ ತುಂಬುವಷ್ಟು ಹೊತ್ತು ಕಂಡದ್ದೆಲ್ಲ ಬರುತ್ತಿತ್ತು. ಬೆಟ್ಟದ ಮೇಲಿನ ಮಂಜು, ಖಾಲಿ ಸೈಟಿನಲ್ಲಿ ಮರಿ ಹಾಕಿದ ನಾಯಿ, ಹಾಲಿನವನ ಹೊಸ ಸೈಕಲ್ ಬೆಲ್ಲು.

"ಏನಮ್ಮಾ ಇದು, ಸಂಘದ ಗ್ರೂಪೋ ಹರಟೆಕಟ್ಟೆಯೋ?" ಎಂದು ಅಧ್ಯಕ್ಷ ವೃಷಭೇಂದ್ರಪ್ಪ ಫೋನ್ ಮಾಡಿದರು. "ಅವ್ರ ಮೇಲ್ ಎಲ್ಲಾ ಮೊದ್ಲು ನಿನ್ ಹತ್ರ ಬರೋ ಹಂಗೆ ಮಾಡ್ಬುಡು. ನೀರಿನ್ ವಿಷ್ಯ ಇದ್ರೆ ಗ್ರೂಪಿಗೆ ಹಾಕು, ಇಲ್ದಿದ್ರೆ ವಾಪಸ್ ಕಳ್ಸು."

ಹಾಗೇ ಮಾಡಿದಳು. ಮೊದಲನೆಯದನ್ನು ಓದಿ ಒಬ್ಬಳೇ ನಕ್ಕಳು. ವಾಪಸ್ ಕಳಿಸಿದರೆ ಬರೆಯುವುದನ್ನೇ ನಿಲ್ಲಿಸಿಬಿಟ್ಟರೆ? ಗ್ರೂಪಿಗೂ ಹಾಕದೆ, ಅವನಿಗೂ ತಿಳಿಸದೆ, ತನ್ನ ಸ್ವಂತ ಮೇಲ್‌ಗೆ ಸೇರಿಸಿಕೊಂಡಳು. ಅಲ್ಲಿಗೆ ಚಟ ಹತ್ತಿತು.

ಏಳನೆಯದರಲ್ಲಿ ಹೀಗಿತ್ತು: "ಹಿಂದಿನ ರಸ್ತೆಯ ತಾರಸಿಯಲ್ಲಿ ಒಬ್ಬರು ಬಟ್ಟೆ ಒಣಹಾಕುತ್ತಾರೆ. ಕ್ಲಿಪ್ಪುಗಳನ್ನು ದುಪಟ್ಟಾದ ಅಂಚಿಗೆ ಸಾಲಾಗಿ ಸಿಕ್ಕಿಸಿಕೊಂಡಿರುತ್ತಾರೆ. ನೋಡ್ತಾ ನಿಂತು, ಡ್ರಮ್ ತುಂಬಿ ಹರಿದದ್ದೇ ಗೊತ್ತಾಗಲಿಲ್ಲ."

ಹಾಗೆ ಸಿಕ್ಕಿಸಿಕೊಳ್ಳುವವಳು ಇಡೀ ಬಡಾವಣೆಗೆ ತಾನೊಬ್ಬಳೇ. ಮರುದಿನದಿಂದ ತಾರಸಿಗೆ ಹೋಗುವ ಮುನ್ನ ತಲೆ ಬಾಚಿಕೊಳ್ಳತೊಡಗಿದಳು. ಅವನು ಕತ್ತೆತ್ತಿದರೆ ಇವಳು ಕ್ಲಿಪ್ ಹುಡುಕುವಳು. ಇವಳು ಬಗ್ಗಿ ನೋಡಿದರೆ ಅವನು ಪೈಪು ಸರಿಮಾಡುವನು. ಮಾತು ಮಾತ್ರ ಇಲ್ಲ.

ಗ್ರೂಪ್ ಬಿಡುವ ಮೇಲ್ ಬಂದ ಆ ದಿನ ನಾಲ್ಕು ಗಂಟೆಗೆ ಪಾರ್ಕಿನಲ್ಲಿ ಮೀಟಿಂಗ್. ಮೂರೂವರೆಗೇ ಹೋಗಿ ಗೇಟಿನ ಹತ್ತಿರ ಅತ್ತಿಂದಿತ್ತ ಓಡಾಡುತ್ತಿದ್ದವಳು, ಅವನು ಬರುತ್ತಲೇ ಉಸಿರು ಬಿಡದೆ ಹೇಳಿದಳು.

"ನಿಮ್ಮ ಮೇಲ್ ಯಾರಿಗೂ ಹೋಗಿಲ್ಲ ಕಣ್ರೀ. ನಾನೇ ತಡೆದಿಟ್ಟಿದ್ದೆ. ಹತ್ತೊಂಬತ್ತೂ."

ಅವನ ಮುಖ ಸಪ್ಪಗಾಯಿತು. "ಒಂದ್ ಮಾತು ಹೇಳ್ಬೋದಿತ್ತಲ್ರೀ. ಒಬ್ರು ಓದ್ಲಿ ಅಂತಾನೇ ನಾನು ಬರೀತಿದ್ದದ್ದು. ತಾರಸಿಗೆ ಬರ್ತಾರೆ, ನೋಡ್ತಾರೆ, ಒಂದು ಸಾಲು ಬರೆಯಲ್ಲ. ಇಷ್ಟ ಇಲ್ಲ ಅಂದ್ಕೊಂಡೆ."

ಶಿವಾನಿಗೆ ಆಗ ಅರ್ಥವಾಯಿತು. ತನ್ನ ಸುಖಕ್ಕೆಂದು ಮುಚ್ಚಿಟ್ಟದ್ದು ಅವನನ್ನು ಎರಡು ತಿಂಗಳು ನೋಯಿಸಿತ್ತು.

"ತಪ್ಪಾಯ್ತು," ಎಂದಳು.

"ಸರಿ, ಈಗ್ಲಾದ್ರೂ ಎಲ್ಲಾ ಗ್ರೂಪಿಗೆ ಹಾಕ್ಬುಡಿ. ನಾಲ್ಕು ಜನ ಓದ್ಲಿ."

"ಆಗಲ್ಲ."

"ನೀರಿನ ವಿಷ್ಯ ಅಲ್ಲ ಅಂತಾನಾ?"

"ಅದಕ್ಕಲ್ಲ. ಅವು ನನ್ನವು. ಇನ್ನೊಬ್ರಿಗೆ ಕೊಡಲ್ಲ."

ಹೇಳಿದ ಮೇಲೆ ಕಿವಿಯೆಲ್ಲ ಬಿಸಿಯಾಯಿತು. ವಿಶ್ವನಾಥ್ ಅವಳನ್ನೇ ನೋಡಿದ. ಈ ಸಲ ಸರಿಮಾಡಲು ಪೈಪಿರಲಿಲ್ಲ, ಹುಡುಕಲು ಕ್ಲಿಪ್ಪಿರಲಿಲ್ಲ. ಅವನ ತುಟಿಯಂಚಿನಲ್ಲಿ ನಗು ನಿಧಾನವಾಗಿ ಮೂಡಿತು. ಅವಳು ಮೀಟಿಂಗ್ ನೋಟೀಸಿನ ಹಿಂದೆ ತನ್ನ ಮೇಲ್ ವಿಳಾಸ ಬರೆದು ಅವನ ಕೈಗಿಟ್ಟಳು.

ಮೀಟಿಂಗ್‌ನಲ್ಲಿ ಅವನು ಎದ್ದು ನಿಂತ. "ಸಾರ್, ನಾನು ಗ್ರೂಪ್ ಬಿಡ್ತಿದ್ದೀನಿ."

"ಯಾಕಪ್ಪಾ, ಬೇಜಾರಾಯ್ತಾ?" ಎಂದರು ವೃಷಭೇಂದ್ರಪ್ಪ.

"ಇಲ್ಲ ಸಾರ್. ಹರಟೆಗೆ ಬೇರೆ ವಿಳಾಸ ಸಿಕ್ತು."

ಶಿವಾನಿ ತಲೆ ಬಗ್ಗಿಸಿ ಬೀದಿದೀಪಗಳ ಪಟ್ಟಿ ಓದತೊಡಗಿದಳು.

ಮರುದಿನ ನೀರು ಬರಲಿಲ್ಲ. ಎಂಟು ಗಂಟೆಗೆ ಇಪ್ಪತ್ತನೆಯ ಮೇಲ್ ಬಂತು. ವಿಷಯ ಎಂಬಲ್ಲಿ ಮೊದಲ ಬಾರಿಗೆ "ಶಿವಾನಿ" ಎಂದಿತ್ತು.

"ಇವತ್ತು ನಲ್ಲಿ ಬರಲಿಲ್ಲ. ಆದರೂ ಆರೂವರೆಗೆ ಡ್ರಮ್ ಹತ್ತಿರ ನಿಂತಿದ್ದೆ."

ಅವಳು ಎರಡು ಸಲ ಓದಿ, ಮೊದಲ ಉತ್ತರ ಬರೆದಳು.

"ನೋಡಿದೆ. ನಾನು ತಾರಸಿಗೆ ತಂದಿದ್ದ ಬಕೆಟ್‌ನಲ್ಲೂ ಒಂದು ಬಟ್ಟೆ ಇರಲಿಲ್ಲ."