ನೆತ್ತಿಯ ಹುರಿ

"ಈ ಕಟ್ಟೆ ಮೊದಲ್ನೇ ನಕ್ಷೆಯಲ್ಲಿ ಇರ್ಲಿಲ್ಲ," ಎಂದ ಎಸ್ಕಿಲ್.

ಸಿಗ್ನೆ ಜೇಡಿಮಣ್ಣು ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು, ಗುಟ್ಟು ಅಲ್ಲೇ ಅಂಟಿಕೊಂಡಿದೆಯೇನೋ ಎಂಬಂತೆ.

"ಆಮೇಲೆ ಸೇರಿಸ್ದೆ. ಗೋಡೆಗೆ ಆಸರೆ ಆಗ್ಲಿ ಅಂತ."

"ಗೋಡೆಗೆ?"

"ಹೂಂ. ಗೋಡೆಗೇ."

ಅವನು ದಕ್ಷಿಣದ ಗೋಡೆಗೆ ಒರಗಿ ಮಣ್ಣಿನ ಕಟ್ಟೆಯ ಮೇಲೆ ಕೂತು ಕಾಲು ಚಾಚಿದ. ಬೆನ್ನು ತಾಗುವಲ್ಲಿ ಗೋಡೆ ಚೂರೇ ಚೂರು ಒಳಬಾಗಿತ್ತು. ಕೈ ಇಡಲು ಪಕ್ಕದಲ್ಲೊಂದು ಅಗಲವಾದ ಅಂಚು. ಅವನು ಅದರ ಮೇಲೆ ಬೆರಳಾಡಿಸಿ ತಲೆ ಎತ್ತಿದ. ಸಮುದ್ರದ ಬಿಸಿಲಿಗೆ ಸದಾ ಅರ್ಧ ಮುಚ್ಚಿರುವ ಆ ಕಣ್ಣುಗಳಲ್ಲಿ ನಗು ಇತ್ತು.

"ದರ್ಜಿ ಅಳತೆ ತಗೊಂಡು ಹೊಲಿದ ಹಾಗಿದೆಯಲ್ರೀ. ನಿಮ್ಮ ಗೋಡೆಗೆ ಕಾಲು ಇಷ್ಟುದ್ದ ಇದೆಯಾ?"

ಹೇಳಬೇಕಾದ ಮಾತನ್ನು ಸಿಗ್ನೆ ಮೊದಲು ಮನಸ್ಸಿನಲ್ಲಿ ಗೀಚಿ, ಅಳಿಸಿ, ಮತ್ತೆ ಗೀಚಿ ನೋಡುವವಳು. ಅಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಎಸ್ಕಿಲ್ ಮಾತ್ರ ಹೋಗುತ್ತಿರಲಿಲ್ಲ. ಕಾಯುತ್ತಿದ್ದ. ಅದೇ ಅವಳಿಗೆ ಹೆಚ್ಚು ಭಯ.

ಅವಳು ಆರ್ಹುಸ್ ನಗರದ ಆರ್ಕಿಟೆಕ್ಟ್. ಈ ದ್ವೀಪದ ಜನ ತಮಗೊಂದು ಸಮುದಾಯ ಭವನ ಬೇಕೆಂದು ಅವಳನ್ನು ಕರೆಸಿದ್ದರು. ಹಾಡು, ಕುಣಿತ, ಮದುವೆಯ ಊಟ, ಸತ್ತವರ ನೆನಪಿನ ಕಾಫಿ ಎಲ್ಲದಕ್ಕೂ ಒಂದೇ ಮನೆ. ಅದು ದ್ವೀಪ ಕೊಡುವುದರಿಂದಲೇ ಏಳಬೇಕು. ಹಾಗಾಗಿ ಗೋಡೆಗೆ ಜೌಗಿನ ಜೇಡಿಮಣ್ಣು, ತೊಲೆಗಳಿಗೆ ಒಡೆದ ಹಡಗುಗಳ ಮರ, ಸೂರಿಗೆ ಅಲೆ ತಂದು ಹಾಕುವ ಕಡಲಹುಲ್ಲು. ಮರದ ಕೆಲಸ ದ್ವೀಪದ ಬಡಗಿ ಎಸ್ಕಿಲ್‌ನದು. ಒಂದೊಂದು ತೊಲೆಯನ್ನೂ ತಟ್ಟಿ, "ಇದು ಪೋರ್ಚುಗಲ್ ನೋಡಿ ಬಂದಿದೆ, ಸ್ವಲ್ಪ ಜಂಬ. ಹೊಸ್ತಿಲಲ್ಲೇ ನಿಲ್ಲಿಸೋಣ," ಎನ್ನುತ್ತಿದ್ದ.

ವಸಂತವೆಲ್ಲ ಅವಳು ನಕ್ಷೆ ಬರೆಯುವ ಗುಡಿಸಲಿನ ಕಿಟಕಿಯಿಂದ ಅವನನ್ನು ನೋಡಿದ್ದಳು. ಮಧ್ಯಾಹ್ನ ಅವನು ಈ ಗೋಡೆಯ ಬುಡದಲ್ಲಿ ಕಲ್ಲಿನ ಮೇಲೆ ಕೂತು, ರೈ ಬ್ರೆಡ್ಡಿನ ಮೇಲೆ ಹೆರಿಂಗ್ ಮೀನು ಇಟ್ಟುಕೊಂಡು ತಿಂದು, ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಕೊಡುತ್ತಿದ್ದ. ಒಂದು ದಿನ ಅವಳ ಪೆನ್ಸಿಲ್ ತಾನಾಗಿ ಅಲ್ಲೊಂದು ಕಟ್ಟೆ ಬರೆದಿತ್ತು.

ನಾಳೆ ಸೂರು ಮುಚ್ಚುವ ದಿನ. ನಾಡಿದ್ದು ಬೆಳಗಿನ ಫೆರಿಯಲ್ಲಿ ಅವಳು ಹೊರಡುವವಳು.

"ಚೆನ್ನಾಗಿದೆ," ಎಂದ ಎಸ್ಕಿಲ್, ಏಳುತ್ತ. "ಗೋಡೆಗೆ ಆರಾಮಾಗಿರುತ್ತೆ."

*

ಸೂರಿನ ದಿನ ದ್ವೀಪದ ಹೆಂಗಸರೆಲ್ಲ ಬಂದರು. ಹಿಂದೆ ಗಂಡಸರು ಕಡಲಿಗೆ ಹೋದಾಗ ಮನೆಗೆ ಸೂರು ಹೊದಿಸುತ್ತಿದ್ದವರು ಹೆಂಗಸರೇ. ಈಗ ಗಂಡಸರು ಊರಲ್ಲೇ ಇದ್ದರೂ ಸೂರು ಹೆಂಗಸರದ್ದೇ. ಗಂಡಸರು ಏಣಿ ಹತ್ತಿ, ಕೊಟ್ಟದ್ದನ್ನು ಕಟ್ಟಬೇಕು, ಅಷ್ಟೇ.

ಅಂಗಳದಲ್ಲಿ ಒಣಗಿದ ಕಡಲಹುಲ್ಲು ಬೂದುಬಣ್ಣದ ಮೋಡದಂತೆ ರಾಶಿ ಬಿದ್ದಿತ್ತು. ಹುರಿ ಹೊಸೆಯಲು ಇಬ್ಬರು ಬೇಕು. ಒಬ್ಬಳು ರಾಶಿಯ ಬಳಿ ಕೂತು ಹುಲ್ಲು ಕೊಡುತ್ತಾಳೆ. ಇನ್ನೊಬ್ಬಳು ಅದಕ್ಕೆ ಸಿಕ್ಕಿಸಿದ ಕೊಕ್ಕೆ ತಿರುಗಿಸುತ್ತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾಳೆ. ಜಗ್ಗಿದರೆ ಹರಿಯುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಸಾಕಷ್ಟು ಉದ್ದವಾದ ಮೇಲೆ ಹುರಿಯನ್ನು ನಡುವಿಗೆ ಮಡಿಸಿ, ಇಬ್ಬರೂ ತುದಿಗಳನ್ನು ಹಿಡಿದು ಒಬ್ಬರ ಕಡೆಗೊಬ್ಬರು ಬರುತ್ತಾರೆ. ಆಗ ಎರಡೂ ಎಳೆ ತಾವಾಗಿಯೇ ಸುತ್ತಿಕೊಳ್ಳುತ್ತವೆ.

ಸಿಗ್ನೆಗೆ ಜೊತೆಯಾದವಳು ಬೇಕರಿಯ ಮೆರೆಟೆ. ಬೆಳಗಿನಿಂದ ಅವಳು ನಗಿಸಿದ್ದೇ ನಗಿಸಿದ್ದು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಸೂರಿನ ನೆತ್ತಿಗೆ ಹಾಕುವ ಹುರಿಯೊಂದೇ ಉಳಿದಿತ್ತು. ಅದೇ ಹೊತ್ತಿಗೆ ಮೆರೆಟೆ, "ಅಯ್ಯೋ ನನ್ನ ಕೇಕ್!" ಎಂದು ಓಡಿದಳು.

ಸಿಗ್ನೆ ಕೊಕ್ಕೆ ಹಿಡಿದು ಒಂಟಿಯಾಗಿ ನಿಂತಳು. ಮೇಲೆ ನೆತ್ತಿಯ ತೊಲೆಯ ಮೇಲೆ ಎಸ್ಕಿಲ್ ಸುಮ್ಮನೆ ಕೂತಿದ್ದ. ಹಿಂದೆ ಬರೀ ಆಕಾಶ. ಅವಳು ಎಂದೂ ಇಲ್ಲದಂತೆ, ಗೀಚದೆ, ಅಳಿಸದೆ, ಕೂಗಿಬಿಟ್ಟಳು:

"ಎಸ್ಕಿಲ್! ನೆತ್ತಿ ಹುರಿಗೆ ನೀವು ಬಂದು ಹುಲ್ಲು ಕೊಡ್ತೀರಾ?"

ಅಂಗಳದ ಗಲಗಲ ಒಮ್ಮೆಗೇ ನಿಂತಿತು. ಯಾರೋ ಒಬ್ಬಳು ಕಿಸಕ್ಕೆಂದಳು. ಎಸ್ಕಿಲ್‌ನ ಮುಖ ಕಿವಿಯವರೆಗೂ ಕೆಂಪಾಯಿತು.

"ಆಗಲ್ಲ," ಎಂದ ಅವನು, ನಿಧಾನವಾಗಿ. "ನನಗೆ ಇಲ್ಲಿ ಕೆಲಸ ಇದೆ."

ಅವನ ಕೈಯಲ್ಲಿ ಯಾವ ಕೆಲಸವೂ ಇರಲಿಲ್ಲ. ಅದು ಎಲ್ಲರಿಗೂ ಕಾಣುತ್ತಿತ್ತು.

"ಕಾಫಿ! ಎಲ್ಲ ಕಾಫಿಗೆ ಬನ್ರೇ!" ಎಂದು ಎಸ್ಕಿಲ್‌ನ ಸೋದರತ್ತೆ ಡಾಗ್ಮಾರ್ ಜೋರಾಗಿ ಕರೆದಳು. ಸಿಗ್ನೆ ಕೊಕ್ಕೆಯನ್ನು ಹುಲ್ಲಿನ ಮೇಲಿಟ್ಟು ಕಡಲಿನ ಕಡೆ ನಡೆದಳು. ಬೆನ್ನ ಮೇಲೆ ಅಷ್ಟೂ ಜನರ ಕಣ್ಣು ಇರುವಂತೆ ಅನಿಸಿತು. ಓಡಬಾರದು, ಓಡಬಾರದು ಎಂದುಕೊಂಡು ನಡೆದಳು.

ಡಾಗ್ಮಾರ್ ಎರಡು ಲೋಟ ಕಾಫಿ ಹಿಡಿದು ಹಿಂದೆಯೇ ಬಂದು, ಮರಳಿನ ಮೇಲೆ ಉಸ್ಸೆಂದು ಕೂತಳು.

"ನೀನು ಅವನನ್ನ ಏನು ಕೇಳ್ದೆ ಅಂತ ನಿಂಗೆ ಗೊತ್ತಾ ಮಗಳೇ?"

"ಹುಲ್ಲು ಕೊಡಿ ಅಂದೆ ಅಷ್ಟೇ. ಅದೂ ಆಗಲ್ಲ ಅಂದ್ರು."

"ನೆತ್ತಿ ಹುರಿಗೆ ಹೆಂಗಸು ಗಂಡಸನ್ನ ಸುಮ್‌ಸುಮ್ನೆ ಕರೆಯಲ್ಲ ಕಣೇ. ಕರೆದ್ಳು ಅಂದ್ರೆ ಇವನೇ ನನ್ನವನು ಅಂತ ಊರಿಗೆಲ್ಲ ಸಾರಿದ ಹಾಗೆ. ನನ್ನ ಹುರಿ ಇವತ್ತಿಗೂ ನಮ್ಮನೆ ನೆತ್ತಿ ಮೇಲಿದೆ. ಪುಣ್ಯಾತ್ಮ ಹೋಗ್ಬಿಟ್ಟ, ಹುರಿ ಮಾತ್ರ ಅಲ್ಲಾಡಿಲ್ಲ."

ಸಿಗ್ನೆ ಲೋಟವನ್ನು ಮರಳಿಗೆ ಊರಿದಳು. "ಅತ್ತೆ! ಒಂದು ಮಾತು ಮೊದಲೇ ಹೇಳ್ಬಾರ್ದಿತ್ತಾ?"

"ಬಾಯೇ ಬಿಡದ ಹುಡುಗಿ ಊರೆದುರಿಗೆ ಕೂಗ್ತಾಳೆ ಅಂತ ಯಾರು ಕನಸು ಕಂಡಿದ್ರು?" ಡಾಗ್ಮಾರ್ ನಕ್ಕಳು. ಆಮೇಲೆ ನಗು ನಿಲ್ಲಿಸಿ ಅವಳ ಮುಖ ನೋಡಿದಳು. "ನಿಂಗೆ ಗೊತ್ತಿಲ್ಲ ಅಂತ ಅವನಿಗೆ ಗೊತ್ತಿತ್ತು. ಇಳಿದು ಬಂದಿದ್ರೆ ನೀನು ತಿಳೀದೆ ಸಿಕ್ಕಿಹಾಕ್ಕೊಳ್ತಿದ್ದೆ. ಆಗಲ್ಲ ಅಂತ ಹೇಳೋಕೆ ಅವನಿಗೆಷ್ಟು ಕಷ್ಟ ಆಯ್ತು ಅಂತ ನಾನು ನೋಡ್ದೆ. ಏಣಿ ಮೇಲೆ ಆಗ್ಲೇ ಒಂದು ಕಾಲು ಇಟ್ಟಿದ್ದ."

ಅಲೆಯೊಂದು ಬಂದು ಹಸಿರು ಹುಲ್ಲಿನ ಎಳೆಗಳನ್ನು ಅವರ ಕಾಲ ಬಳಿ ಬಿಟ್ಟು ಹೋಯಿತು. ಸಿಗ್ನೆ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಅವನು ನನ್ನ ಮಾತನ್ನು ನನಗಿಂತ ಜೋಪಾನವಾಗಿ ಇಟ್ಟುಕೊಂಡನಲ್ಲ ಎನಿಸಿತು. ಸುಮ್ಮನಿದ್ದರೆ ನಾಳೆಯ ಫೆರಿ ಇದೆ. ಯಾರೂ ಏನೂ ಅನ್ನುವುದಿಲ್ಲ. ಹೊರಗಿನವಳು, ಪಾಪ, ತಿಳಿಯದೆ ಕೇಳಿದಳು ಎಂದುಕೊಳ್ಳುತ್ತಾರೆ. ಸಭ್ಯವಾದ ದಾರಿ. ಅವಳ ಇಡೀ ಬದುಕು ನಡೆದುಬಂದ ದಾರಿ.

"ಅತ್ತೆ, ಆ ಹುರಿ ಇನ್ನೂ ಯಾರೂ ಹೊಸೆದಿಲ್ಲ ತಾನೇ?"

"ಮೆರೆಟೆ ವಾಪಸ್ ಬಂದು ಅದರ ಹುಲ್ಲಿನ ಮೇಲೆ ಕೂತಿದಾಳೆ," ಎಂದಳು ಡಾಗ್ಮಾರ್. "ಯಾರೂ ಮುಟ್ಟಬಾರ್ದು ಅಂತ."

*

ಅವಳು ಅಂಗಳಕ್ಕೆ ಬಂದಾಗ ಇಳಿಬಿಸಿಲು ಹುಲ್ಲಿನ ರಾಶಿಯನ್ನು ಬೆಳ್ಳಿಯಾಗಿಸಿತ್ತು. ಮೆರೆಟೆ ಎದ್ದು ಜಾಗ ಬಿಟ್ಟಳು. ಎಸ್ಕಿಲ್ ಇನ್ನೂ ಮೇಲೆಯೇ ಇದ್ದ. ಕಾಫಿಗೂ ಇಳಿದಿರಲಿಲ್ಲ.

ಸಿಗ್ನೆ ಕೊಕ್ಕೆ ಎತ್ತಿಕೊಂಡಳು.

"ಎಸ್ಕಿಲ್," ಎಂದಳು. ಈ ಸಲ ಕೂಗಲಿಲ್ಲ. "ಆ ಕಟ್ಟೆ ಗೋಡೆಗಲ್ಲ."

ಅವನು ಕದಲಲಿಲ್ಲ. ಕಾಯುತ್ತಿದ್ದ.

"ಆಗ ಕೇಳಿದ್ದು ನನಗೆ ಗೊತ್ತಿಲ್ದೆ. ಈಗ ಗೊತ್ತಿದ್ದೇ ಕೇಳ್ತಿದೀನಿ. ನೆತ್ತಿ ಹುರಿಗೆ ಹುಲ್ಲು ಕೊಡೋಕೆ ಬರ್ತೀಯಾ?"

"ಬಾರೋ ಮಾರಾಯ, ಕತ್ತು ನೋಯ್ತಿದೆ ನಮಗೆ!" ಎಂದಳು ಮೆರೆಟೆ.

ಅವನು ಏಣಿಯ ಕೊನೆಯ ಮೆಟ್ಟಿಲುಗಳನ್ನು ಇಳಿಯಲೇ ಇಲ್ಲ, ಹಾರಿದ. ರಾಶಿಯ ಬಳಿ ಮಂಡಿಯೂರಿ ಮೊದಲ ಹಿಡಿ ಹುಲ್ಲು ಕೊಟ್ಟ.

ಅವಳು ಹಿಂದಕ್ಕೆ ನಡೆದಳು. ಹುರಿ ಇಬ್ಬರ ನಡುವೆ ಬೆಳೆಯಿತು. ಅವನ ಮುಖ ಸಣ್ಣದಾಗುತ್ತ ಹೋದರೂ ಅವನು ಕೊಡುವ ಒಂದೊಂದು ಹಿಡಿಯೂ ಅವಳ ಅಂಗೈಗೆ ತಿಳಿಯುತ್ತಿತ್ತು.

"ಜಗ್ಗಬೇಡ!" ಎಂದು ಅವನು ಅಲ್ಲಿಂದ ಕೂಗಿದ.

"ನಾನು ಜಗ್ತಿಲ್ಲ. ನೀನೇ ಬಿಗಿಯಾಗಿ ಹಿಡಿದಿದೀಯ!"

"ಬಿಡೋಕೆ ಮನಸ್ಸಿಲ್ಲ, ಏನ್ಮಾಡ್ಲಿ?"

ಹೆಂಗಸರು ಹೋ ಎಂದರು. ಡಾಗ್ಮಾರ್ ಬಂದು ಹುರಿಯ ನಡುವಿಗೆ ತನ್ನ ತೋಳು ಕೊಟ್ಟು ಮಡಿಸಿ ಹಿಡಿದಳು. ಇನ್ನು ತುದಿಗಳು ಸೇರಬೇಕು.

ಅಂಗಳದ ಎರಡು ಕಡೆಯಿಂದ ಇಬ್ಬರೂ ನಡೆದು ಬಂದರು. ಹುರಿ ತಾನಾಗಿ ಸುತ್ತಿಕೊಳ್ಳುತ್ತಿತ್ತು, ಎಳೆಯ ಮೇಲೆ ಎಳೆ. ಹತ್ತಿರವಾದಾಗ ಅವನ ರೆಪ್ಪೆಗಳ ಮೇಲೆ ಹುಲ್ಲಿನ ಧೂಳು ಕಂಡಿತು, ಉಪ್ಪಿನ ವಾಸನೆ ಬಂದಿತು. ಅವನು ತನ್ನ ತುದಿಯನ್ನು ಅವಳ ಮುಷ್ಟಿಯೊಳಗೆ ಇಟ್ಟು, ಮೇಲೆ ತನ್ನ ಕೈ ಮುಚ್ಚಿದ.

"ನಾಳೆ ಫೆರಿ?" ಎಂದ, ಅವಳಿಗಷ್ಟೇ ಕೇಳುವಂತೆ.

"ಹೋಗ್ಲಿ ಬಿಡು ಅದು," ಎಂದಳು ಸಿಗ್ನೆ. "ನಂಗೆ ಆ ಕಟ್ಟೆನ ಇನ್ನೊಂದು ಚೂರು ಅಗಲ ಮಾಡ್ಬೇಕು."