ಒಂದೂಕಾಲು ಗೇಣಿನ ಕೀಬೋರ್ಡ್

ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅವಳ ಕುರ್ಚಿಯಲ್ಲಿ ಯಾರೋ ಕುಳಿತಿದ್ದ.

ಕುಳಿತಿದ್ದರೂ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಅವನ ಕೈ ಅವಳ ಕೀಬೋರ್ಡಿನ ಮೇಲಿತ್ತು. ಹೆಬ್ಬೆರಳನ್ನು ಒಂದು ಅಂಚಿಗೆ ಊರಿ, ಕಿರುಬೆರಳನ್ನು ಆದಷ್ಟು ದೂರಕ್ಕೆ ಚಾಚಿ, ಅದನ್ನು ಗೇಣಿನಲ್ಲಿ ಅಳೆಯುತ್ತಿದ್ದ.

"ಏನ್ರೀ ಮಾಡ್ತಿದ್ದೀರ?"

"ಒಂದೂಕಾಲು ಗೇಣು," ಎಂದ ಅವನು, ತನಗೇ ಹೇಳಿಕೊಳ್ಳುವಂತೆ. ಆಮೇಲೆ ತಲೆಯೆತ್ತಿದ. "ಇದು ಈ ಗೇಮಿಂಗ್ ಸೆಂಟರಿನದ್ದಾ? ಬಾಣದ ಗುರುತಿನ ಕೀಗಳೇ ಇಲ್ವಲ್ಲ ಇದರಲ್ಲಿ."

"ಅದು ನನ್ನದು. ಬಾಗಿಲಲ್ಲಿ ಬಿಟ್ಟಿದ್ದಾರೆ ಅಂತ ಬೇರೆಯವರ ಚಪ್ಪಲಿ ಮೆಟ್ಕೊಂಡು ಹೋಗ್ತೀರಾ ನೀವು?"

ಸಾಲಿನಲ್ಲಿ ಕುಳಿತಿದ್ದವರೆಲ್ಲ ನಕ್ಕರು. ಅವನ ಕಿವಿ ಕೆಂಪಾಯಿತು. ತಪ್ಪಾಯಿತು ಎಂದು ಎದ್ದು ನಿಂತ. ಎದ್ದವನು ಹೋಗಲಿಲ್ಲ, ಆ ಕೀಬೋರ್ಡನ್ನೇ ಇನ್ನೊಮ್ಮೆ ಆಸೆಯಿಂದ ನೋಡಿದ. ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಅವನು ಅದನ್ನು ನೋಡಿದ ರೀತಿ... ಅದನ್ನು ಅಷ್ಟು ಪ್ರೀತಿಯಿಂದ ನೋಡಿದ ಇನ್ನೊಬ್ಬರನ್ನು ಅವಳು ಕಂಡಿರಲಿಲ್ಲ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು. ಸಂಜೆ ಅಂಗಡಿಯಿಂದ ನೇರವಾಗಿ ಈ ಗೇಮಿಂಗ್ ಸೆಂಟರಿಗೆ ಬರುತ್ತಿದ್ದಳು. ಇಬ್ಬರು ಎದುರುಬದುರಾಗಿ ಹೊಡೆದಾಡುವ ಒಂದು ಆಟದಲ್ಲಿ ಅವಳ ಕೈ ಓಡುವ ವೇಗ ಕಂಡು ಎಲ್ಲರೂ ಅವಳನ್ನು ಕಿಡಿ ಎಂದೇ ಕರೆಯುತ್ತಿದ್ದರು.

ಕೀಬೋರ್ಡ್ ಮಾತ್ರ ಅವಳ ಸ್ವಂತದ್ದು. ಬಲಬದಿಯ ಅಂಕಿಗಳ ಗುಂಪಿಲ್ಲ, ಬಾಣಗಳಿಲ್ಲ. ಮೂಲೆಯ ಒಂದು ಕೀ ಒತ್ತಿ ಹಿಡಿದರೆ ಅಕ್ಷರದ ಕೀಗಳೇ ಬಾಣಗಳಾಗುತ್ತವೆ. ಒಂದೊಂದು ಕೀಯ ಕೆಳಗೂ ಒಂದೊಂದು ಸ್ಪ್ರಿಂಗು. ಒತ್ತಿದ್ದು ಬಿತ್ತು ಎಂದು ಬೆರಳಿಗೆ ತಾನಾಗಿ ತಿಳಿಯುತ್ತದೆ. ಮನೆಯಲ್ಲಿ ಅವಳು ಅದನ್ನು ಮುಟ್ಟಿದರೆ ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಸದ್ದು. ಮುಂದೆ ನಿನ್ನ ಗಂಡನಿಗೆ ಇದೇ ಸವತಿ ಕಣೇ ಎಂದು ಅಕ್ಕ ನಗುತ್ತಿದ್ದಳು. ಹೆಂಗಸಿಗೆ ತಾನೇ ಸವತಿ ಬರೋದು ಎಂದು ಭಾವ ತಿದ್ದುತ್ತಿದ್ದರು.

ಅವನು ಮಾರನೆಯ ವಾರ ಮತ್ತೆ ಬಂದ. ಆಸ್ಪತ್ರೆಯಲ್ಲಿ ಫಿಸಿಯೋ, ಏಟಾದ ಕೈಗಳಿಗೆ ವ್ಯಾಯಾಮ ಮಾಡಿಸುವುದು ತನ್ನ ಕೆಲಸ ಎಂದು ಪರಿಚಯ ಹೇಳಿಕೊಂಡ. ಈ ಆಟ ಕಲಿಸಿಕೊಡುತ್ತೀರಾ ಎಂದು ಕೇಳಿದ. ಬಿಗಿಯಾಗಿ ಇಲ್ಲವೆನ್ನಬೇಕೆಂದುಕೊಂಡವಳ ಬಾಯಿಂದ ಹೂಂ ಎಂದು ಬಂತು.

ಅವನಷ್ಟು ಕೆಟ್ಟದಾಗಿ ಆಡುವವರನ್ನು ಅವಳು ನೋಡಿರಲಿಲ್ಲ. ಒದೆಯಬೇಕಾದಲ್ಲಿ ನೆಗೆಯುತ್ತಿದ್ದ, ನೆಗೆಯಬೇಕಾದಲ್ಲಿ ಏಟು ತಿನ್ನುತ್ತಿದ್ದ. ಸೋತರೆ ಸೆಂಟರ್ ನಡೆಸುವ ಮಾಮನಿಗೂ ಕೇಳುವಂತೆ ನಗುತ್ತಿದ್ದ. ಒಂದು ದಿನ ಅವಳ ಆಟದ ನಡುವೆಯೇ ಕರವಸ್ತ್ರ ಮಡಿಸಿ ಅವಳ ಮಣಿಕಟ್ಟಿನ ಕೆಳಗೆ ಮೆಲ್ಲಗೆ ಸರಿಸಿದ. ಕೈಯನ್ನು ಹೀಗೆ ಸೊಟ್ಟಗೆ ಮಡಿಸಿ ಆಡಿದರೆ ಹತ್ತು ವರ್ಷ ಕಳೆದ ಮೇಲೆ ನಮ್ಮಲ್ಲಿಗೇ ಬರ್ತೀರ ಎಂದ.

ಬಂದರೇನಂತೆ... ಎಂದಿತು ಅವಳ ಮನಸ್ಸು. ಆ ಪಂದ್ಯ ಅವಳು ಸೋತಳು.

ಆಮೇಲೆ ಅವನು ಅವಳದ್ದೇ ಮಾದರಿಯ ಕೀಬೋರ್ಡ್ ಕೊಂಡ. ಕೀಗಳು ಸ್ವಲ್ಪ ಬಿಗಿ, ಮೆತ್ತಗೆ ಒತ್ತಿದರೂ ಬೀಳುವ ಹಾಗೆ ಮಾಡಬಹುದಾ ಎಂದು ಕೇಳಿದ. ಭಾನುವಾರ ಮಧ್ಯಾಹ್ನ, ಮುಚ್ಚಿದ ಕನ್ನಡಕದ ಅಂಗಡಿಯ ಕೆಲಸದ ಮೇಜಿನ ಮುಂದೆ ಇಬ್ಬರೂ ಕುಳಿತರು. ಅವಳು ಒಂದೊಂದೇ ಕೀ ಕಿತ್ತು, ಒಳಗಿನ ಸ್ವಿಚ್ಚು ಎಳೆದು, ಹಗುರ ಸ್ಪ್ರಿಂಗಿನ ಹೊಸ ಸ್ವಿಚ್ಚು ಕೂರಿಸಿದಳು. ಅವನು ಒಂದೊಂದಾಗಿ ಎತ್ತಿಕೊಟ್ಟ. ಹೊಡೆತದ ಕೀಗಳೆಲ್ಲ ಎಡಗೈ ಹತ್ತಿರವೇ ಬರಲಿ ಎಂದೂ ಕೇಳಿದ. ಹೊಸಬರ ಸೋಮಾರಿತನ ಎಂದು ಅವಳು ರೇಗಿಸಿದಳು. ಕೇಳಿದಂತೆಯೇ ಮಾಡಿಯೂ ಕೊಟ್ಟಳು. ಕೀಗಳ ಮೇಲೆ ಬೆರಳಾಡಿಸಿ ನೋಡುವಾಗ ಅವನ ಕೈ ಅವಳ ಕೈಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ.

ಇವತ್ತಲ್ಲ ನಾಳೆ ಹೇಳುತ್ತಾರೆ... ಎಂದುಕೊಂಡು ಅವಳು ಮನೆಗೆ ಹೋದಳು. ಕಾರಣವಿಲ್ಲದೆ ನಗುತ್ತಿದ್ದ ತಂಗಿಯನ್ನು ನೋಡಿ ಅಕ್ಕ ಭಾವನಿಗೆ ಕಣ್ಣು ಮಿಟುಕಿಸಿದಳು.

ಆ ವಾರವೇ, ಗಿರಾಕಿಯೊಬ್ಬರ ಮನೆಗೆ ಕನ್ನಡಕ ಕೊಟ್ಟು ಬರುವಾಗ, ಆಸ್ಪತ್ರೆಯ ಎದುರಿನ ಕಾಫಿ ಅಂಗಡಿಯ ಗಾಜಿನಾಚೆ ಅವನು ಕಂಡ.

ಜೊತೆಗೆ ಒಬ್ಬಳು ಹುಡುಗಿ.

ಅವರ ನಡುವೆ ಲ್ಯಾಪ್‌ಟಾಪು, ಅದರ ಮುಂದೆ ಆ ಕೀಬೋರ್ಡು. ಹುಡುಗಿಯ ಎಡಗೈ ಅದರ ಮೇಲಿತ್ತು. ಅವಳ ಕೈಯ ಮೇಲೆ ಅವನ ಕೈ. ಒಂದೊಂದು ಬೆರಳನ್ನೂ ಹಿಡಿದು ಕೀಯಿಂದ ಕೀಗೆ ಸರಿಸುತ್ತಿದ್ದ. ಅವಳು ಏನೋ ಅಂದಳು, ಅವನು ನಕ್ಕ. ಸೆಂಟರಿನಲ್ಲಿ ನಗುವ ಅದೇ ನಗು.

ಅವಳು ಯಾರೆಂದು ಕಿಡಿಗೆ ತಕ್ಷಣ ಗುರುತು ಸಿಕ್ಕಿತು. ಚೇಳು! ಒಂದು ಕಾಲದಲ್ಲಿ ಆ ಅಡ್ಡಹೆಸರಿನಿಂದಲೇ ಸೆಂಟರನ್ನು ಆಳಿದವಳು. ಕಿಡಿಯನ್ನು ಎಷ್ಟೋ ಸಲ ಕಣ್ಣು ಮಿಟುಕಿಸುವುದರೊಳಗೆ ಮಣ್ಣು ಮುಕ್ಕಿಸಿದವಳು. ಕಳೆದ ವರ್ಷ ಯಾರಿಗೂ ಹೇಳದೆ ಕಾಣೆಯಾಗಿದ್ದಳು.

ಕಾಲು ಅಲ್ಲಿಂದ ಕದಲಲಿಲ್ಲ. ಆ ಕೀಗಳನ್ನು ಕಿತ್ತು ಕೂರಿಸಿದ್ದು ನಾನು... ಮೆತ್ತಗಿರಲಿ ಅಂದದ್ದು ಅವಳ ಬೆರಳಿಗಾ? ಮೊದಲ ದಿನ ಗೇಣು ಹಾಕಿ ಅಳೆದದ್ದೂ ಅವಳಿಗೇನಾ? ನಾನು ಯಾರು ಹಾಗಾದರೆ, ರಿಪೇರಿಯವಳಾ?

ಅಂದು ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿದಳು. ಮೈ ಸರಿಯಿಲ್ಲದಿದ್ದರೆ ಮನೆಗೆ ಹೋಗಮ್ಮ ಎಂದರು ಯಜಮಾನರು.

ಅವನ ಮೆಸೇಜುಗಳಿಗೆ ಅವಳ ಉತ್ತರ ಒಂದೇ ಪದಕ್ಕೆ ಇಳಿಯಿತು. ಕೋಪವಾ ಎಂದು ಕೇಳಿದ. ನನಗ್ಯಾಕೆ ಕೋಪ ಎಂದು ಕಳಿಸಿ, ಫೋನನ್ನು ಹಾಸಿಗೆಯ ಮೇಲೆ ಎಸೆದಳು. ಅವನ ಬಾಯಿಂದಲೇ ಬರಲಿ ಎಂದು ಕಾದಳು. ಬರಲಿಲ್ಲ. ಯಾರು ಆ ಹುಡುಗಿ ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಯಿತು. ಕೇಳಿದರೆ ಸಣ್ಣವಳಾಗುತ್ತೇನೆ ಎಂಬ ಹಟ. ಕೇಳದೆ ಬೂದಿಯಾಗುತ್ತಿದ್ದಳು.

ಶನಿವಾರ ಸಂಜೆ ಚೇಳು ಸೆಂಟರಿಗೆ ಬಂದೇ ಬಿಟ್ಟಳು.

ಮೈಮೇಲೆ ದೊಗಳೆ ಜಾಕೆಟ್ಟು, ಬಲಗೈ ಜೇಬಿನಲ್ಲಿ, ಕಂಕುಳಲ್ಲಿ ಆ ಕೀಬೋರ್ಡು. ಹಿಂದೆ ಫಿಸಿಯೋ. ಮಾಮ ಸಂಭ್ರಮದಿಂದ ಎದ್ದು ಬಂದರು. ಚೇಳು ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ. ಕಿಡಿ ಎದುರು ಒಂದು ಪಂದ್ಯ ಆಡಬೇಕು ಎಂದಳು.

ಎದುರುಬದುರು ಮೇಜು. ನಡುವೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಪರದೆ. ಕಿಡಿಗೆ ಕಾಣುತ್ತಿದ್ದದ್ದು ಚೇಳಿನ ಹಣೆ, ಮತ್ತು ಅವಳ ಕುರ್ಚಿಯ ಹಿಂದೆ ನಿಂತಿದ್ದ ಅವನು. ಅವಳ ಹಿಂದೆ ನಿಂತಿದ್ದಾರೆ... ನನ್ನ ಹಿಂದೆ ಅಲ್ಲ.

ಅಷ್ಟು ಸಾಕಾಯಿತು.

ಅವಳು ಆಡಲಿಲ್ಲ, ಕೊಚ್ಚಿದಳು. ಚೇಳು ಏಳುವ ಮೊದಲೇ ಹೊಡೆದಳು, ಬಿದ್ದ ಮೇಲೂ ಹೊಡೆದಳು. ಆ ಪ್ರಸಿದ್ಧ ಕೈ ಯಾಕೋ ತಡವಾಗಿ ಬರುತ್ತಿತ್ತು, ಎರಡು ಏಟು ಬೇಕಾದಲ್ಲಿ ಒಂದೇ ಬೀಳುತ್ತಿತ್ತು. ಕಿಡಿ ಗಮನಿಸಿದಳು, ನಿಲ್ಲಿಸಲಿಲ್ಲ. ಕೊನೆಯ ಸುತ್ತು ಮುಗಿದಾಗ ಎದ್ದು ನಿಂತು, ಅವನನ್ನೇ ನೋಡುತ್ತ ಅಂದಳು:

"ಕೈ ಹಿಡಿದು ಕಲಿಸಿದವರು ಸರಿಯಾಗಿ ಕಲಿಸಿಲ್ಲ ಅನ್ಸುತ್ತೆ."

ಯಾರೂ ನಗಲಿಲ್ಲ. ಚೇಳು ಎದ್ದಳು. ಕೀಬೋರ್ಡಿನ ವೈರು ಸುತ್ತಿಕೊಳ್ಳಲು ಜೇಬಿನಿಂದ ಬಲಗೈ ತೆಗೆದಳು.

ಆ ಕೈಯ ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡು ಹಾಗೆಯೇ ನಿಂತಿದ್ದವು. ಮಣಿಕಟ್ಟಿನಿಂದ ಮೊಣಕೈವರೆಗೆ ಹೊಲಿಗೆಯ ಗುರುತು. ವೈರನ್ನು ಆ ಮುಷ್ಟಿಗೆ ಸಿಕ್ಕಿಸಿ, ಎಡಗೈಯಿಂದ ಸುತ್ತತೊಡಗಿದಳು.

ಎಡಗೈ ಹತ್ತಿರವೇ ಬರಲಿ ಅಂದಿದ್ದು ಇದಕ್ಕಾ... ಎಂದು ಕಿಡಿಗೆ ಆಗ ಹೊಳೆಯಿತು.

"ಸ್ಕೂಟರಿನಿಂದ ಬಿದ್ದೆ," ಎಂದಳು ಚೇಳು, ಸುತ್ತುವುದನ್ನು ನಿಲ್ಲಿಸದೆ. "ಯಾರಿಗೂ ಹೇಳಬೇಡಿ ಅಂತ ಇವರ ಹತ್ರ ಮಾತು ತಗೊಂಡಿದ್ದೆ. ಅಯ್ಯೋ ಪಾಪ ಅಂತ ಬಿಟ್ಟುಕೊಡ್ತೀರ ಅಂತ ಭಯ ಇತ್ತು. ನೀನು ಬಿಟ್ಟುಕೊಡಲಿಲ್ಲ. ಅದಕ್ಕೆ ಥ್ಯಾಂಕ್ಸ್. ಆ ಕೊನೇ ಮಾತು ಮಾತ್ರ ಬೇಕಿರಲಿಲ್ಲ."

ಅವನು ಕಿಡಿಯ ಕಡೆ ನೋಡಿದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ನೋಟದಲ್ಲಿ ಕೋಪವಿರಲಿಲ್ಲ, ನೋವಿತ್ತು. ಚೇಳಿನ ಜೊತೆ ಹೊರಟುಹೋದ.

ಅವಳು ಸೆಂಟರಿನ ಕಡೆ ಹೋಗುವುದನ್ನೇ ಬಿಟ್ಟಳು. ಅವನಿಗೆ ಕ್ಷಮಿಸಿ ಎಂದು ಬರೆದಳು, ಅಳಿಸಿದಳು. ಅವನಿಂದಲೂ ಏನೂ ಬರಲಿಲ್ಲ. ಮನೆಯಲ್ಲಿ ಆಲಿಕಲ್ಲಿನ ಸದ್ದು ನಿಂತದ್ದನ್ನು ಕಂಡು ಅಕ್ಕ ಪಕ್ಕದಲ್ಲಿ ಬಂದು ಕುಳಿತಳು. ಅವಳು ಎಲ್ಲವನ್ನೂ ಹೇಳಿಕೊಂಡು ಅತ್ತಳು. ಹೊಟ್ಟೆಕಿಚ್ಚು ಯಾರಿಗಿಲ್ಲ, ನಿಮ್ಮ ಭಾವನ ಹಳೇ ಸ್ನೇಹಿತೆ ಫೋನ್ ಮಾಡಿದ್ರೆ ನನ್ನ ಪಾತ್ರೆಗಳು ಮಾತಾಡ್ತವೆ ಎಂದಳು ಅಕ್ಕ. ಆದರೆ ಪಾತ್ರೆ ಕುಕ್ಕಿದ ಮೇಲೆ ನಾನು ಹೋಗಿ ಅವರನ್ನೇ ಕೇಳಿಬಿಡ್ತೀನಿ, ನೀನು ಕೇಳಲೇ ಇಲ್ವಲ್ಲೇ ಎಂದೂ ಅಂದಳು.

ಕೆಲವು ದಿನಗಳ ನಂತರ ಚೇಳು ಕನ್ನಡಕದ ಅಂಗಡಿಗೆ ಬಂದಳು. ಮೂಗಿನ ಮೇಲೆ ಕನ್ನಡಕ ಜಾರುತ್ತದೆ, ಸರಿ ಮಾಡು ಎಂದು ಮೇಜಿನ ಮೇಲಿಟ್ಟಳು. ಕಿಡಿ ತಲೆ ಎತ್ತದೆ ಕಡ್ಡಿ ಬಿಗಿ ಮಾಡಿದಳು.

"ಅವತ್ತು ಅಂದಿದ್ದಕ್ಕೆ..." ಎಂದು ಶುರುಮಾಡಿದಳು.

"ನಾನೂ ಒಂದು ಹೇಳಬೇಕು, ಮೊದಲು ಕೇಳು," ಎಂದಳು ಚೇಳು. "ಆ ಪಂದ್ಯದ ಹಿಂದಿನ ದಿನ ನೀವಂದ್ರೆ ನನಗಿಷ್ಟ ಅಂತ ನಾನು ಅವರಿಗೆ ಹೇಳ್ದೆ. ವರ್ಷವೆಲ್ಲ ಒಬ್ಬರು ಕೈ ಹಿಡಿದು ಧೈರ್ಯ ಹೇಳಿದ್ರೆ ಮನಸ್ಸು ಸುಮ್ಮನಿರುತ್ತಾ? ಆಗಲ್ಲ ಅಂದರು. ನನ್ನ ಕೈ ಇಂಥದ್ದು ಅಂತಾನಾ ಅಂತ ಕೇಳ್ದೆ. ಅಲ್ಲ, ಮನಸ್ಸಲ್ಲಿ ಬೇರೆಯವರಿದ್ದಾರೆ ಅಂದರು. ಯಾರು ಅಂತ ಕೇಳಿ ಬಾಯಿ ಬಿಡಿಸ್ದೆ."

ಕಿಡಿಯ ಕೈಯಲ್ಲಿದ್ದ ತಿರುಪುಳಿ ಜಾರಿ ಬಿತ್ತು.

"ಮಾರನೇ ದಿನ ನಿನ್ನ ಎದುರು ಬಂದು ಕೂತದ್ದು ಆಟದ ಆಸೆಗಲ್ಲ. ನಿನ್ನನ್ನ ಅವರ ಕಣ್ಣೆದುರೇ ಸೋಲಿಸಬೇಕಿತ್ತು. ನಿನ್ನ ಹೊಟ್ಟೆ ಒಂದೇ ಉರೀತಿತ್ತು ಅಂದ್ಕೊಂಡ್ಯಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರು ಮೊದಲು ನಕ್ಕರೋ ತಿಳಿಯದು. ನಗುತ್ತಲೇ ಕಿಡಿಯ ಕಣ್ಣು ತುಂಬಿತು, ಚೇಳಿನದೂ. ತನ್ನ ಪಾಲಿಗೆ ಅದು ಸುಲಭವಾಗಿರಲಿಲ್ಲ, ಇನ್ನೂ ಸ್ವಲ್ಪ ದಿನ ಸುಲಭವಾಗುವುದೂ ಇಲ್ಲ ಎಂದಳು ಚೇಳು. ಕೀಬೋರ್ಡ್ ಮಾತ್ರ ತಾನು ವಾಪಸ್ ಕೊಡುವುದಿಲ್ಲವಂತೆ. ಒಂದೇ ಕೈಗೆ ಪೂರ್ತಿ ಎಟಕುವಂಥದ್ದು ಸಿಕ್ಕಿದ ಮೇಲೆ ಯಾರು ಬಿಡುತ್ತಾರೆ ಎಂದು ಹೇಳಿ, ಕನ್ನಡಕ ಹಾಕಿಕೊಂಡು ಹೋದಳು.

ಕಿಡಿ ಯಜಮಾನರ ಹತ್ತಿರ ಅರ್ಧ ದಿನ ರಜೆ ಕೇಳಿದಳು.

ಆಸ್ಪತ್ರೆಯ ಆ ಉದ್ದನೆ ಕೋಣೆಯಲ್ಲಿ ಬಿಸಿಲು ತುಂಬಿತ್ತು. ಒಬ್ಬ ತಾತ ಹಲಗೆಗೆ ಹೊಲಿದ ಗುಂಡಿಗಳನ್ನು ಹಾಕುತ್ತ, ಬಿಚ್ಚುತ್ತ ಕುಳಿತಿದ್ದರು. ಒಬ್ಬ ಅಜ್ಜಿ ಫಿಸಿಯೋನ ಬೆರಳುಗಳನ್ನು ಹಿಂಡುತ್ತಿದ್ದರು. ಇನ್ನೂ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಎನ್ನುತ್ತಿದ್ದ ಅವನು ಬಾಗಿಲ ಕಡೆ ನೋಡಿ ಮಾತು ನಿಲ್ಲಿಸಿದ. ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, ತಮ್ಮ ಕೈ ತಾವೇ ಬಿಡಿಸಿಕೊಂಡರು.

ಅವನು ಅವಳನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದ.

"ನಾನು ಕೇಳಬೇಕಿತ್ತು," ಎಂದಳು ಅವಳು. "ಕೇಳದೆ ಏನೇನೋ ಅಂದ್ಕೊಂಡೆ. ಅವರಿಗೂ ನೋವು ಮಾಡ್ದೆ, ನಿಮಗೂ ಮಾಡ್ದೆ."

"ಕೇಳಿದ್ದರೂ ಅವರ ವಿಷಯ ನಾನು ಹೇಳ್ತಿರಲಿಲ್ಲ. ಅದು ಅವರದ್ದು." ಅವನು ಕಿಟಕಿಯ ಸರಳು ಹಿಡಿದುಕೊಂಡ. "ನನ್ನ ವಿಷಯ ಹೇಳ್ತಿದ್ದೆ. ಅದನ್ನ ನಾನೂ ಬಾಯಿ ಮುಚ್ಕೊಂಡು ಇಟ್ಕೊಂಡಿದ್ದೆ. ತಪ್ಪು ನಿಮ್ಮೊಬ್ಬರದ್ದೇ ಅಲ್ಲ."

"ಈಗ ಹೇಳಿ."

"ಮೊದಲು ಬಂದದ್ದು ಕೀಬೋರ್ಡಿಗೋಸ್ಕರ. ಅದು ನಿಜ. ಎರಡೇ ಸಂಜೆಗೆ ನನಗೆ ಬೇಕಾದದ್ದೆಲ್ಲ ತಿಳಿದುಹೋಗಿತ್ತು." ಅವನ ದನಿ ಸಣ್ಣದಾಯಿತು. "ಆಮೇಲೆ ಬಂದದ್ದೆಲ್ಲ ನಿಮಗೋಸ್ಕರ. ಆಟ ನನಗೆ ಈಗಲೂ ಅರ್ಥ ಆಗಲ್ಲ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ನನಗೆ ಹೊಟ್ಟೆಕಿಚ್ಚು ಜಾಸ್ತಿ," ಎಂದಳು. "ಈಗಲೇ ಹೇಳಿಬಿಡ್ತೀನಿ. ಆ ಅಜ್ಜಿ ನಿಮ್ಮ ಕೈ ಹಿಡ್ಕೊಂಡಿದ್ರಲ್ಲ, ಒಳಗೆ ಬರ್ತಾ ಅದಕ್ಕೂ ಚುರ್ ಅಂತು."

ಅವನು ಜೋರಾಗಿ ನಕ್ಕ. ಗುಂಡಿ ಹಾಕುತ್ತಿದ್ದ ತಾತ ತಿರುಗಿ ನೋಡಿದರು.

"ಚುರ್ ಅಂದಾಗೆಲ್ಲ ನನ್ನ ಹತ್ರ ಬಂದು ಕೇಳು. ನಿನಗೆ ಮುಚ್ಚಿಡೋದು ನನಗೂ ಸಾಕಾಗಿದೆ."

ಅವಳು ತಟ್ಟನೆ ಅವನ ಮುಖ ನೋಡಿದಳು.

"ಈಗ ಏನಂದ್ರಿ?"

"'ನೀನು' ಅಂತ ಅಂದೆ." ಅವನ ಕಿವಿ ಕೆಂಪಾಗಿತ್ತು. "ತಪ್ಪಾಯ್ತಾ?"

"ಇಲ್ಲ... ಇನ್ನೊಂದು ಸಲ ಅನ್ನಿ."

"ಆಗಲ್ಲ. ಈಗ ನಿನ್ನ ಸರದಿ."

ಅವಳು ಬಾಗಿಲ ಕಡೆ ನೋಡಿದಳು, ಕಿಟಕಿಯ ಕಡೆ ನೋಡಿದಳು, ತನ್ನ ಕೈ ನೋಡಿಕೊಂಡಳು. ಅದನ್ನು ಅವನು ಆಗಲೇ ಹಿಡಿದುಕೊಂಡಿದ್ದ.

"ನೀನು..." ಎಂದಳು.

"ಅಷ್ಟು ಸಾಕು," ಎಂದ ಅವನು.